ಜೀವಿಗಳ ನರವ್ಯೂಹವೂ ಗದ್ದೆಗೆ ಹೊಡೆಯುವ ವಿಷಗಳೂ

(ವ್ಯವಸಾಯ ಇನ್‌ಸ್ಪೆಕ್ಟರು, ಸಿದ್ದಾಪುರ, ಇವರಿಂದ)

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ ಸೀಮೆಯಲ್ಲಿ, ಅದರಲ್ಲಿಯೂ ಸಿದ್ದಾಪುರದ ಸುತ್ತಣ ಹಳ್ಳಿಗಳಲ್ಲಿಯೂ ಕ್ಯಾಂಪುಗಳಲ್ಲಿಯೂ, ನೆಲ್ಲಿನ ಪೈರಿಗೆ ಹುಳು ಬಿದ್ದಾಗ ರೈತರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ. ಯಾವ ಎಣ್ಣೆ ಹೊಡೆಯಬೇಕು? ಎಕರೆಗೆ ಎಷ್ಟು ಹೊಡೆಯಬೇಕು? ಕೀಟನಾಶಕಕ್ಕೆ ಈ ಕಡೆಯಲ್ಲಿ ಎಣ್ಣೆಯೆಂದು ಹೆಸರು. ಬೇರೆ ಸೀಮೆಗಳಲ್ಲಿ ಔಷಧವೆನ್ನುವರು. ವಿಷವನ್ನು ವಿಷವೆಂದು ಕರೆಯುವ ರೂಢಿ ಎಲ್ಲಿಯೂ ಇಲ್ಲದಿರುವುದು ನನಗೆ ಸರಿತೋರುವುದಿಲ್ಲ. ಅದಿರಲಿ. ಇವೆರಡಲ್ಲದೆ ಮೂರನೆಯದೊಂದು ಪ್ರಶ್ನೆಯುಂಟು. ಅದನ್ನು ಕೇಳುವವರು ಹೊಲದ ಒಡೆಯರಲ್ಲ, ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ಕೂಲಿಗೆ ಹೊಡೆಯಲು ಹೋಗುವ ಆಳುಗಳು: "ಸಾಹೇಬ್ರ, ಹುಳಕ್ಕ ಹೊಡದ ಎಣ್ಣಿ ನಮಗ್ಯಾಕ ಹತ್ತತೈತ್ರಿ?"

ಈ ಪ್ರಶ್ನೆಯು ಬಹು ಯುಕ್ತವಾದುದು. ಇದಕ್ಕೆ ಉತ್ತರವು ಕೃಷಿಶಾಸ್ತ್ರಕ್ಕಿಂತ ಹೆಚ್ಚಾಗಿ ಪ್ರಾಣಿಶಾಸ್ತ್ರದಲ್ಲಿ ಇರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಹುಳುವಿನ ದೇಹಕ್ಕೂ ಮನುಷ್ಯನ ದೇಹಕ್ಕೂ ಹೊರನೋಟಕ್ಕೆ ಯಾವ ಹೋಲಿಕೆಯೂ ಕಾಣದು. ಹುಳುವಿಗೆ ಒಳಗೆ ಎಲುಬಿಲ್ಲ, ಪುಪ್ಪುಸವಿಲ್ಲ, ಕೆಂಪು ನೆತ್ತರಿಲ್ಲ. ಆದರೆ ನರಗಳ ಮಟ್ಟಿಗೆ ನೋಡಿದರೆ ಜಿಗಿಹುಳು, ಎತ್ತು, ಮನುಷ್ಯ ಈ ಮೂವರದೂ ಒಂದೇ ಮನೆತನ. ನಾವು ಬಳಸುವ ಕೀಟನಾಶಕಗಳಲ್ಲಿ ಬಹುಭಾಗವು ಈ ನರಗಳನ್ನು ಹಿಡಿದೇ ಕೊಲ್ಲತಕ್ಕವು. ಆದಕಾರಣ ನರವ್ಯೂಹದ ರಚನೆಯನ್ನು ತಿಳಿಯುವುದು ರೈತನಿಗೆ ನಿಷ್ಪ್ರಯೋಜಕವಾದ ಪಾಂಡಿತ್ಯವಲ್ಲ.

ಬಲೆ, ಗಂಟು, ಹುರಿ

ಸಸ್ಯಗಳಿಗೆ ನರಗಳಿಲ್ಲ. ಮುಟ್ಟಿದರೆ ಮುನಿಯ ಎಲೆ ಮುದುಡುವಾಗ ಅದರಲ್ಲಿಯೂ ಒಂದು ವಿದ್ಯುತ್ತಿನ ಸಂಚಾರ ಉಂಟಾಗುವುದಾದರೂ ಅದು ಹರಿಯಲು ನರವೆಂಬ ಬೇರೊಂದು ಅಂಗವಿಲ್ಲ. ನಿಂತಲ್ಲಿಯೇ ನಿಂತು ಬಾಳುವ ಜೀವಕ್ಕೆ ಆತುರವಿಲ್ಲ. ಅನ್ನವನ್ನು ಅರಸಿ ಹೋಗಬೇಕಾದ, ಶತ್ರುವಿನಿಂದ ತಪ್ಪಿಸಿಕೊಳ್ಳಬೇಕಾದ ಜೀವಕ್ಕೆ ಸುದ್ದಿಯನ್ನು ಕ್ಷಣಮಾತ್ರದಲ್ಲಿ ಮುಟ್ಟಿಸುವ ಏರ್ಪಾಡು ಬೇಕು. ಆ ಏರ್ಪಾಡೇ ನರವ್ಯೂಹ.

ಅತ್ಯಂತ ಸರಳವಾದ ನರವ್ಯೂಹವನ್ನು ಕೆರೆಕುಂಟೆಗಳ ನೀರುಗಿಡಗಳಿಗೆ ಅಂಟಿಕೊಂಡಿರುವ ಹೈಡ್ರಾ ಎಂಬ ಸಣ್ಣ ಜೀವಿಯಲ್ಲಿ ಕಾಣಬಹುದು. ಅದಕ್ಕೆ ತಲೆಯೂ ಇಲ್ಲ, ಮಿದುಳೂ ಇಲ್ಲ. ಮೀನಿನ ಬಲೆಯನ್ನು ಮೈಗೆ ಸುತ್ತಿದಂತೆ ನರಗಳ ಒಂದು ಜಾಲ ಮಾತ್ರವಿದೆ. ಎಲ್ಲಿ ಮುಟ್ಟಿದರೂ ಸುದ್ದಿಯು ಎಲ್ಲ ಕಡೆಗೂ ಹರಡಿ ಮೈಯೆಲ್ಲವೂ ಮುದುಡಿಕೊಳ್ಳುವುದು. ಊರಿನಲ್ಲಿ ಯಜಮಾನನೇ ಇಲ್ಲದೆ ಎಲ್ಲರೂ ಎಲ್ಲರಿಗೂ ಕೂಗಿ ಹೇಳುವ ಸ್ಥಿತಿ ಇದು.

ಎರೆಹುಳುವಿನಲ್ಲಿ ಕ್ರಮವು ಒಂದು ಮೆಟ್ಟಿಲು ಮೇಲಕ್ಕೆ ಹೋಗಿರುವುದು. ಅದರ ಹೊಟ್ಟೆಯ ಕಡೆಯಲ್ಲಿ ಉದ್ದಕ್ಕೂ ಒಂದು ನರದ ಹುರಿ. ಆ ಹುರಿಯಲ್ಲಿ ಉಂಗುರಕ್ಕೊಂದರಂತೆ ಗಂಟುಗಳು. ಈ ಗಂಟುಗಳಲ್ಲಿ ನರಕೋಶಗಳು ಒಟ್ಟುಗೂಡಿ ತಮ್ಮ ಉಂಗುರದ ಕೆಲಸವನ್ನು ತಾವೇ ನೋಡಿಕೊಳ್ಳುವುವು. ಹಕ್ಕಿಯು ಕೊಕ್ಕು ಹಾಕಿದೊಡನೆ ಎರೆಹುಳು ಸರ್ರನೆ ಬಿಲದೊಳಕ್ಕೆ ಎಳೆದುಕೊಳ್ಳುವುದನ್ನು ಎಲ್ಲರೂ ನೋಡಿರುವರು. ಹುರಿಯ ಉದ್ದಕ್ಕೂ ಓಡುವ ಕೆಲವು ದಪ್ಪ ನರತಂತುಗಳು ಆ ಸುದ್ದಿಯನ್ನು ಗಂಟುಗಂಟಿಗೂ ನಿಲ್ಲಿಸದೆ ಒಯ್ಯುವುದರಿಂದಲೇ ಅಷ್ಟು ವೇಗ ಸಾಧ್ಯವಾಗಿದೆ.

ಕೀಟಗಳಲ್ಲಿಯೂ ಇದೇ ಹೊಟ್ಟೆಯ ಹುರಿ. ಒಂದು ದೊಡ್ಡ ಮಿಡತೆಯನ್ನು ಬೆನ್ನಿನಿಂದ ಸೀಳಿ, ಅನ್ನನಾಳವನ್ನು ಬದಿಗೆ ಸರಿಸಿ ನೋಡಿದರೆ, ತಳದಲ್ಲಿ ಬಿಳಿಯ ದಾರದಂತೆ ಇದು ಕಾಣುವುದು. ತಲೆಯಲ್ಲಿ ಅನ್ನನಾಳದ ಮೇಲ್ಗಡೆ ಮಿದುಳು. ಅದರಿಂದ ಎರಡು ಎಳೆಗಳು ಅನ್ನನಾಳವನ್ನು ಬಳಸಿ ಕೆಳಕ್ಕಿಳಿದು ಇನ್ನೊಂದು ಗಂಟನ್ನು ಸೇರುವುವು. ಅಲ್ಲಿಂದ ಎದೆಯಲ್ಲಿ ಮೂರು ಗಂಟುಗಳು, ಹೊಟ್ಟೆಯಲ್ಲಿ ಹಲವು. ಕಾಲು ರೆಕ್ಕೆಗಳ ಆಡಳಿತವೆಲ್ಲವೂ ಎದೆಯ ಗಂಟುಗಳದು. ತಲೆ ಹೋದ ಜಿರಲೆಯು ಕೆಲವು ದಿನಗಳವರೆಗೂ ಜೀವಿಸಿ ಕಾಲಾಡಿಸುತ್ತಿರುವುದು ಇದರಿಂದಲೇ. ನಮ್ಮ ನೆಲ್ಲಿಗೆ ಮಾರಿಯಾದ ಕಂದು ಜಿಗಿಹುಳು ಸೇರಿರುವ ರಸಹೀರುವ ಕೀಟಗಳ ಗಣದಲ್ಲಿ ಮಾತ್ರ ಈ ಗಂಟುಗಳು ಬಿಡಿಬಿಡಿಯಾಗಿರದೆ ಎದೆಯಲ್ಲಿಯೇ ಒತ್ತಾಗಿ ಕೂಡಿಕೊಂಡಿರುವುವು.

ಎತ್ತು, ಕೋಳಿ, ಮೀನು, ಮನುಷ್ಯ ಮುಂತಾದ ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಹುರಿಯು ಹೊಟ್ಟೆಯ ಕಡೆಗಿರದೆ ಬೆನ್ನಿನ ಕಡೆಗಿದ್ದು ಎಲುಬಿನ ಕೊಳವೆಯೊಳಗೆ ಭದ್ರವಾಗಿರುವುದು. ಹೃದಯವೋ ಕೀಟದಲ್ಲಿ ಬೆನ್ನಿನ ಕಡೆ, ನಮ್ಮಲ್ಲಿ ಎದೆಯ ಕಡೆ. ಕೀಟವನ್ನು ಮಗುಚಿ ಹಾಕಿದರೆ ನಮ್ಮ ಕ್ರಮವೇ ಆಗುವುದೆಂದು ಫ್ರಾನ್ಸಿನ ಜೆಫ್ರಾ ಸೇಂತ್ ಇಲೇರ್ ಎಂಬ ಪಂಡಿತನು 1822ರಲ್ಲಿಯೇ ಹೇಳಿದ್ದನು. ಬಹುಕಾಲ ಅದನ್ನು ವಿನೋದದ ಮಾತೆಂದು ತಳ್ಳಿಹಾಕಿದ್ದರು. ಆದರೆ 1990ರ ದಶಕದಲ್ಲಿ, ಹಣ್ಣಿನ ನೊಣದ ಭ್ರೂಣದಲ್ಲಿ ಹೊಟ್ಟೆ ಬೆನ್ನುಗಳನ್ನು ಗೊತ್ತುಮಾಡುವ ವಂಶವಾಹಿಗಳೇ ಕಪ್ಪೆಯ ಭ್ರೂಣದಲ್ಲಿ ತಲೆಕೆಳಗಾಗಿ ಕೆಲಸಮಾಡುವುದು ಕಂಡುಬಂದಾಗ ಅವನ ಮಾತಿಗೆ ಬೆಲೆ ಬಂತು.

ಕೋಶಗಳ ಸಂಖ್ಯೆಯಲ್ಲಿ ಮಾತ್ರ ಅಪಾರವಾದ ಅಂತರವುಂಟು. ಮಣ್ಣಿನಲ್ಲಿರುವ ಒಂದು ಜಾತಿಯ ದುಂಡುಹುಳುವಿನಲ್ಲಿ ನರಕೋಶಗಳು ಲೆಕ್ಕಮಾಡಿದಂತೆ 302 ಮಾತ್ರ. ಹಣ್ಣಿನ ನೊಣದ ಮಿದುಳಿನ ಪೂರ್ತಿ ನಕ್ಷೆಯು 2024ರಲ್ಲಿ ಪ್ರಕಟವಾಯಿತು. ಅದರಲ್ಲಿ 1,39,255 ಕೋಶಗಳು. ಜೇನುಹುಳುವಿನಲ್ಲಿ ಸುಮಾರು 10 ಲಕ್ಷ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ. ಆದರೆ ಈ 8,600 ಕೋಟಿಯಲ್ಲಿ ಒಂದನ್ನು ತೆಗೆದು ನೊಣದ ಒಂದು ಕೋಶದ ಪಕ್ಕದಲ್ಲಿಟ್ಟರೆ ಕೆಲಸದ ರೀತಿಯಲ್ಲಿ ಹೆಚ್ಚು ಭೇದ ಕಾಣದು. ನಮ್ಮ ಕಷ್ಟಕ್ಕೆಲ್ಲ ಇದೇ ಮೂಲ.

ನರಕೋಶ

ಕೋಶವೆಂದರೆ ಸಾಮಾನ್ಯವಾಗಿ ಉರುಟಾದ ಒಂದು ಸೂಕ್ಷ್ಮ ಚೀಲವೆಂದು ಭಾವಿಸುವೆವು. ನರಕೋಶದ ಆಕಾರವು ಹಾಗಲ್ಲ. ಬೇರುಸಹಿತ ಕಿತ್ತ ಒಂದು ಗಿಡವನ್ನು ನೆನೆಸಿಕೊಳ್ಳಿರಿ. ಸುದ್ದಿಯನ್ನು ಬರಮಾಡಿಕೊಳ್ಳುವ ಕವಲುಗಳು ಒಂದು ಕಡೆ. ನಡುವೆ ಬೀಜಕಣವುಳ್ಳ ಒಡಲು. ಇನ್ನೊಂದು ಕಡೆ ಸುದ್ದಿಯನ್ನು ಒಯ್ಯುವ ಒಂದೇ ಉದ್ದನೆಯ ತಂತು, ಅದರ ಕೊನೆಯಲ್ಲಿ ಮತ್ತೆ ಸಣ್ಣ ಕವಲುಗಳು. ಎತ್ತಿನ ಗೊರಸಿನ ಹತ್ತಿರದ ಮಾಂಸಖಂಡಗಳಿಗೂ ಬೆನ್ನುಹುರಿಗೂ ನಡುವೆ ಇಂಥ ತಂತುವು ಒಂದು ಮೀಟರಿಗೂ ಹೆಚ್ಚು ಉದ್ದವಿರುವುದು. ಆ ಕೋಶದ ಒಡಲಾದರೋ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲನ್ನೂ ಮೀರದು. ಒಡಲನ್ನು ಒಂದು ನಿಂಬೆಹಣ್ಣಿನಷ್ಟು ಎಂದು ಎಣಿಸಿದರೆ ತಂತುವು ಸುಮಾರು ಅರ್ಧ ಕಿಲೋಮೀಟರು ಹೋಗಿ ನಿಲ್ಲುವುದು.

ಈ ಆಕಾರವನ್ನು ಮೊದಲು ಸ್ಪಷ್ಟವಾಗಿ ಕಾಣುವಂತೆ ಮಾಡಿದವನು ಇಟಲಿಯ ಕಮಿಲ್ಲೊ ಗಾಲ್ಜಿ. ಬೆಳ್ಳಿಯ ಲವಣದಿಂದ ಕೋಶಕ್ಕೆ ಬಣ್ಣ ಕಟ್ಟುವ ಕ್ರಮವನ್ನು ಅವನು 1873ರಲ್ಲಿ ಪ್ರಕಟಿಸಿದನು. ಅದೇ ಕ್ರಮವನ್ನು ಹಿಡಿದು ಸ್ಪೇನಿನ ರಮೋನ್ ಇ ಕಹಾಲನು 1888ರಿಂದ ಮುಂದಕ್ಕೆ, ನರಗಳು ಒಂದೇ ಎಡೆಬಿಡದ ಬಲೆಯಲ್ಲ, ಒಂದೊಂದು ಕೋಶವೂ ಬೇರೆಬೇರೆ ಎಂದು ತೋರಿಸಿದನು. ಗಾಲ್ಜಿಯು ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. 1906ರ ನೊಬೆಲ್ ಬಹುಮಾನವು ಇಬ್ಬರಿಗೂ ಸೇರಿ ಬಂದಾಗಲೂ ಒಬ್ಬರ ವಾದವನ್ನು ಒಬ್ಬರು ಖಂಡಿಸಿಯೇ ಭಾಷಣ ಮಾಡಿದರು! ಕಹಾಲನ ಪಕ್ಷವೇ ಸರಿಯೆಂದು ಮುಂದೆ ನಿಶ್ಚಯವಾಯಿತು. ಕೋಶಕ್ಕೂ ಕೋಶಕ್ಕೂ ನಡುವೆ ಬಿರುಕು ಇರುವುದೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಸಾಯುವುದೂ ಬದುಕುವುದೂ ಆ ಬಿರುಕಿನಲ್ಲಿಯೇ ಇತ್ಯರ್ಥವಾಗುವುದು.

ಕೆಲಸದ ದೃಷ್ಟಿಯಿಂದ ನರಕೋಶಗಳು ಮೂರು ಬಗೆ. ಕಣ್ಣು, ಚರ್ಮ, ಮೀಸೆಗಳಿಂದ ಸುದ್ದಿ ತರುವವು. ಮಾಂಸಖಂಡಗಳಿಗೂ ಗ್ರಂಥಿಗಳಿಗೂ ಅಪ್ಪಣೆ ಒಯ್ಯುವವು. ಇವೆರಡರ ನಡುವೆ ವಿಚಾರ ನಡೆಸುವವು. ಈ ಮೂರನೆಯವೇ ಅತ್ಯಧಿಕ. ಇವಲ್ಲದೆ ನರಕೋಶಗಳಿಗೆ ಆಸರೆಯಾಗಿ ನಿಂತು, ಆಹಾರ ಕೊಟ್ಟು, ಹೊದಿಕೆ ಹಾಕುವ ಪರಿಚಾರಕ ಕೋಶಗಳೂ ಉಂಟು. ಮನುಷ್ಯನ ಮಿದುಳಿನಲ್ಲಿ ಇವುಗಳ ಸಂಖ್ಯೆಯು ಹೆಚ್ಚುಕಡಮೆ ನರಕೋಶಗಳಷ್ಟೇ. ನಮ್ಮ ಮತ್ತು ದನಗಳ ವೇಗದ ನರತಂತುಗಳಿಗೆ ಇವು ಕೊಬ್ಬಿನ ಹೊದಿಕೆಯನ್ನು ಸುತ್ತಿರುವುದರಿಂದ ಸುದ್ದಿಯು ಸೆಕೆಂಡಿಗೆ 100 ಮೀಟರುಗಳವರೆಗೂ ಓಡಬಲ್ಲುದು. ಹೊದಿಕೆಯಿಲ್ಲದ ತೆಳುತಂತುವಿನಲ್ಲಿ ಅದು ಸೆಕೆಂಡಿಗೆ ಸುಮಾರು ಒಂದು ಮೀಟರು.

ಸುದ್ದಿ ಹರಿಯುವ ಬಗೆ

ನರದಲ್ಲಿ ಹರಿಯುವುದು ವಿದ್ಯುತ್ತೇ ಸರಿ. ಆದರೆ ತಂತಿಯಲ್ಲಿ ಹರಿಯುವ ವಿದ್ಯುತ್ತಿನಂತೆ ಅಲ್ಲ. ನಮ್ಮ ರೈತರಿಗೆ ಕಾಲುವೆಯ ಹೋಲಿಕೆಯಿಂದ ಇದನ್ನು ತಿಳಿಸುವುದು ಸುಲಭ. ಕಾಲುವೆಯಲ್ಲಿ ನೀರು ಎತ್ತರದಲ್ಲಿ ನಿಂತಿದೆ, ಗದ್ದೆ ತಗ್ಗಿನಲ್ಲಿದೆ, ನಡುವೆ ತೂಬು ಮುಚ್ಚಿದೆ ಎಂದು ಭಾವಿಸಿರಿ. ನರತಂತುವಿನ ಹೊರಗಡೆ ಸೋಡಿಯಂ, ಅಂದರೆ ಅಡಿಗೆಯ ಉಪ್ಪಿನಲ್ಲಿರುವ ಧಾತು, ಹೆಚ್ಚಾಗಿರುವುದು; ಒಳಗಡೆ ಪೊಟ್ಯಾಸಿಯಂ ಹೆಚ್ಚು. ಕೋಶವು ಹಗಲಿರುಳು ತನ್ನ ಶಕ್ತಿಯನ್ನು ವ್ಯಯಮಾಡಿ, ಮೂರು ಸೋಡಿಯಂ ಕಣಗಳನ್ನು ಹೊರಕ್ಕೆ ಎತ್ತಿಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಕ್ಕೆ ತಂದುಕೊಳ್ಳುತ್ತ ಈ ಅಂತರವನ್ನು ಕಾಪಾಡುವುದು. ಇದರಿಂದ ತಂತುವಿನ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಿದ್ಯುತ್ತುಳ್ಳದ್ದಾಗಿರುವುದು.

ತಂತುವಿನ ಪೊರೆಯಲ್ಲಿ ಸಾವಿರಾರು ಸೂಕ್ಷ್ಮ ತೂಬುಗಳಿವೆ. ಒಂದೆಡೆ ಪ್ರಚೋದನೆಯಾದೊಡನೆ ಅಲ್ಲಿಯ ಸೋಡಿಯಂ ತೂಬುಗಳು ತೆರೆದು ಸೋಡಿಯಂ ಒಳನುಗ್ಗುವುದು. ಮರುಕ್ಷಣದಲ್ಲಿ ಅವು ತಾವಾಗಿ ಮುಚ್ಚಿಕೊಂಡು, ಪೊಟ್ಯಾಸಿಯಂ ತೂಬುಗಳು ತೆರೆದು ಮೊದಲಿನ ಸ್ಥಿತಿ ಬರುವುದು. ಎಲ್ಲವೂ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಮುಗಿಯುವುದು. ಒಂದು ತೂಬು ತೆರೆದದ್ದೇ ಪಕ್ಕದ ತೂಬನ್ನು ತೆರೆಸುವುದರಿಂದ ಸುದ್ದಿಯು ಮುಂದುಮುಂದಕ್ಕೆ ಸಾಗುವುದು. ಕಾಲುವೆಯ ನೀರು ಕೊನೆಯ ಭಾಗದ ಗದ್ದೆಯನ್ನು ಮುಟ್ಟುವಷ್ಟರಲ್ಲಿ ಬತ್ತಿಹೋಗುವುದೆಂಬ ದೂರು ಪ್ರತಿವರ್ಷವೂ ಇದ್ದದ್ದೇ. ನರದಲ್ಲಿ ಹಾಗಿಲ್ಲ, ಮೊದಲಿನಲ್ಲಿದ್ದಷ್ಟೇ ಬಲ ಕೊನೆಯಲ್ಲಿಯೂ ಇರುವುದು. ಈ ವಿಷಯವನ್ನು ಇಂಗ್ಲೆಂಡಿನ ಹಾಜ್ಕಿನ್ ಮತ್ತು ಹಕ್ಸ್ಲಿ ಎಂಬವರು ಕಡಲಿನ ಸ್ಕ್ವಿಡ್ ಎಂಬ ಪ್ರಾಣಿಯ ದಪ್ಪ ನರವನ್ನು ಶೋಧಿಸಿ 1952ರಲ್ಲಿ ಗಣಿತಸಹಿತವಾಗಿ ಸ್ಥಾಪಿಸಿದರು.

ಇಷ್ಟು ವೇಗವೂ ಕೆಲವು ಕಾರ್ಯಗಳಿಗೆ ಸಾಲದು. ನಮ್ಮ ಜಿಗಿಹುಳುವಿನ ದೂರದ ಬಂಧುವಾದ ಯೂರೋಪಿನ ಒಂದು ಕೀಟದ ಮರಿಯು ನೆಗೆಯುವಾಗ ಎರಡು ಹಿಂಗಾಲುಗಳೂ ಒಂದು ಸೆಕೆಂಡಿನ ಹತ್ತುಲಕ್ಷದ ಒಂದು ಪಾಲಿನ ಮೂವತ್ತರಷ್ಟರೊಳಗೆ ಒಟ್ಟಿಗೆ ಚಾಚಬೇಕು, ಇಲ್ಲವಾದರೆ ಗಿರ್ರನೆ ತಿರುಗಿ ಬೀಳುವುದು. ನರಕ್ಕೆ ಅಷ್ಟು ನಿಖರತೆ ಸಾಧ್ಯವಿಲ್ಲ. ಆದಕಾರಣ ಆ ಮರಿಯ ಕಾಲುಗಳ ಬುಡದಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಗಾಲಿಗಳೇ ಇರುವುದನ್ನು ಕೇಂಬ್ರಿಜಿನ ಶೋಧಕರು 2013ರಲ್ಲಿ ಪ್ರಕಟಿಸಿದರು. ಯಂತ್ರಶಿಲ್ಪಿಗಳು ಇದನ್ನು ಓದಿ ಬೆರಗಾಗಿರಬೇಕು.

ಬಿರುಕನ್ನು ದಾಟುವುದು

ಸುದ್ದಿಯು ತಂತುವಿನ ತುದಿಗೆ ಬಂದು ನಿಂತಿತು, ಮುಂದೆ ಬಿರುಕು. ಈ ಬಿರುಕಿನ ಅಗಲವು ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಿರಿದು. ಆದರೂ ವಿದ್ಯುತ್ತು ಅದನ್ನು ಸಾಮಾನ್ಯವಾಗಿ ದಾಟದು. ತುದಿಯಲ್ಲಿರುವ ಚಿಕ್ಕ ಗುಳ್ಳೆಗಳು ಒಡೆದು ಒಂದು ರಸವನ್ನು ಬಿರುಕಿಗೆ ಸುರಿಯುವುವು. ಆ ರಸವು ಆಚೆ ದಡದ ಬೀಗಗಳಿಗೆ ಕೀಲಿಯಂತೆ ಹೊಂದಿಕೊಂಡು ಅಲ್ಲಿಯ ತೂಬುಗಳನ್ನು ತೆರೆಯುವುದು. ಆಟೊ ಲೋವಿ ಎಂಬ ಪಂಡಿತನು 1921ರಲ್ಲಿ ಒಂದು ಕಪ್ಪೆಯ ಹೃದಯದ ನರವನ್ನು ಕೆಣಕಿ, ಅದು ನಿಧಾನಗೊಂಡಾಗ ಅದರ ಸುತ್ತಣ ದ್ರವವನ್ನು ತೆಗೆದು ಮತ್ತೊಂದು ಕಪ್ಪೆಯ ಹೃದಯಕ್ಕೆ ಹಾಕಿದನು. ನರವನ್ನೇ ಮುಟ್ಟದಿದ್ದ ಆ ಎರಡನೆಯ ಹೃದಯವೂ ನಿಧಾನವಾಯಿತು. ದ್ರವದಲ್ಲಿದ್ದ ವಸ್ತುವು ಅಸಿಟೈಲ್‌ಕೋಲೀನ್. ಇದಕ್ಕಾಗಿ ಅವನಿಗೂ ಹೆನ್ರಿ ಡೇಲನಿಗೂ 1936ರ ನೊಬೆಲ್ ಬಹುಮಾನ ದೊರೆಯಿತು.

ರಸ ಸುರಿದು ಬೀಗ ತೆರೆದರೆ ಮುಗಿಯಲಿಲ್ಲ, ಮತ್ತೆ ಮುಚ್ಚಬೇಕು. ನೀರುಗಂಟಿಯು ತೂಬು ತೆರೆದು ಹಾಗೆಯೇ ಮನೆಗೆ ಹೋದರೆ ಗದ್ದೆ ಏನಾದೀತು? ಅಸಿಟೈಲ್‌ಕೋಲೀನನ್ನು ಒಡೆದುಹಾಕಲು ಬಿರುಕಿನಲ್ಲಿಯೇ ಕೋಲಿನೆಸ್ಟರೇಸ್ ಎಂಬ ಕಿಣ್ವವು ಕಾದಿರುವುದು. ಅದರ ಒಂದೊಂದು ಅಣುವೂ ಒಂದು ಸೆಕೆಂಡಿನಲ್ಲಿ ಸಾವಿರಾರು ರಸಾಣುಗಳನ್ನು ಒಡೆಯುವುದು. ಈ ಕಿಣ್ವವೇ ನಮ್ಮ ನೀರುಗಂಟಿ.

ಇಲ್ಲಿ ಕೀಟಕ್ಕೂ ನಮಗೂ ಒಂದು ಮುಖ್ಯವಾದ ಭೇದವುಂಟು. ಕೀಟದ ದೇಹದಲ್ಲಿ ಅಸಿಟೈಲ್‌ಕೋಲೀನಿನ ಕೆಲಸವು ಮಿದುಳು ಮತ್ತು ಗಂಟುಗಳೊಳಗೆ. ಮಾಂಸಖಂಡಕ್ಕೆ ಅಪ್ಪಣೆ ಕೊಡುವ ರಸವು ಗ್ಲುಟಮೇಟ್ ಎಂಬ ಬೇರೊಂದು. ನಮ್ಮಲ್ಲಿಯಾದರೋ ಅಸಿಟೈಲ್‌ಕೋಲೀನು ಮಿದುಳಿನಲ್ಲಿಯೂ ಇರುವುದಲ್ಲದೆ ಕೈಕಾಲಿನ ಮಾಂಸಖಂಡಗಳಿಗೂ, ಉಸಿರೆಳೆಯುವ ವಪೆಗೂ, ಹೃದಯಕ್ಕೂ, ಜೊಲ್ಲು ಬೆವರು ಕಣ್ಣೀರುಗಳ ಗ್ರಂಥಿಗಳಿಗೂ ಅಪ್ಪಣೆ ಕೊಡತಕ್ಕದ್ದು. ಅಂದಮೇಲೆ ಈ ಬಿರುಕಿನಲ್ಲಿ ಕೆಲಸಮಾಡುವ ವಿಷಕ್ಕೆ ಹುಳುವಿಗಿಂತ ನಮ್ಮ ದೇಹದಲ್ಲಿಯೇ ಹೆಚ್ಚು ಬಾಗಿಲುಗಳು ಸಿಕ್ಕುವುವು.

ಪ್ರಚೋದಿಸುವ ರಸಗಳಂತೆ ತಡೆಯುವ ರಸಗಳೂ ಇವೆ. ಅವುಗಳಲ್ಲಿ ಗಾಬಾ ಎಂಬುದು ಪ್ರಧಾನ. ಇಳಿಜಾರಿನಲ್ಲಿ ಬಂಡಿಗೆ ಗಾಲಿಗಟ್ಟೆ ಎಷ್ಟು ಅವಶ್ಯವೋ ಮಿದುಳಿಗೆ ಗಾಬಾ ಅಷ್ಟು ಅವಶ್ಯ.

ಯಾವ ವಿಷ ಎಲ್ಲಿ ಹಿಡಿಯುವುದು

ಸೋಡಿಯಂ ತೂಬನ್ನು ಹಿಡಿಯತಕ್ಕವು ಡಿ.ಡಿ.ಟಿ. ಮತ್ತು ಸೇವಂತಿಗೆಯ ಜಾತಿಯ ಒಂದು ಹೂವಿನಿಂದ ಮೊದಲು ದೊರೆತ ಪೈರೆತ್ರಮ್ಮಿನ ವಂಶದವು. ಇವು ತೂಬನ್ನು ಪೂರ್ತಿ ಮುಚ್ಚಗೊಡದೆ ಸಂದಿನಲ್ಲಿ ಕಲ್ಲು ಇಟ್ಟಂತೆ ಮಾಡುವುವು. ನರವು ಒಂದು ಸುದ್ದಿಗೆ ಹತ್ತು ಸುದ್ದಿ ಕೂಗಿ ಹುಳುವು ನಡುಗಿ ಬೀಳುವುದು. ಡಿ.ಡಿ.ಟಿ.ಯನ್ನು ವ್ಯವಸಾಯಕ್ಕೆ ಉಪಯೋಗಿಸುವುದು ನಮ್ಮ ದೇಶದಲ್ಲಿ 1989ರಲ್ಲಿಯೇ ನಿಷಿದ್ಧವಾಯಿತು. ಪೈರೆತ್ರಾಯಿಡುಗಳು ಕೀಟದ ತೂಬನ್ನು ಹಿಡಿಯುವಷ್ಟು ಬಲವಾಗಿ ನಮ್ಮ ತೂಬನ್ನು ಹಿಡಿಯವು, ನಮ್ಮ ಯಕೃತ್ತು ಅವನ್ನು ಬೇಗ ಒಡೆಯಲೂ ಬಲ್ಲುದು. ಮೀನಿಗೆ ಮಾತ್ರ ಇವು ಮಹಾಮಾರಕ. ಗದ್ದೆಯ ಬಸಿನೀರು ಹಳ್ಳಕ್ಕೆ ಹೋಗುವ ಕಡೆ ಇದನ್ನು ಮರೆಯಬಾರದು.

ಈ ತೂಬಿನ ಕಥೆಯಲ್ಲಿ ನಮ್ಮ ದೇಶದವರದೂ ಒಂದು ಪಾಲುಂಟು. ಬಿಸಿಯಾದೊಡನೆ ಕಾಲು ಮಡಿಚಿ ಬಿದ್ದು, ತಣ್ಣಗಾದೊಡನೆ ಎದ್ದು ನಡೆಯುವ ಹಣ್ಣಿನ ನೊಣದ ತಳಿಗಳನ್ನು ಓಬೇದ್ ಸಿದ್ದಿಕಿಯವರು ಅಮೆರಿಕದ ಸೀಮೋರ್ ಬೆಂಜರರೊಡನೆ ಶೋಧಿಸಿ 1976ರಲ್ಲಿ ಪ್ರಕಟಿಸಿದರು. ಅಂಥ ತಳಿಗಳಲ್ಲಿ ಒಂದರ ದೋಷವು ಸೋಡಿಯಂ ತೂಬಿನಲ್ಲಿಯೇ ಇದ್ದಿತೆಂದು ಅನಂತರ ತಿಳಿದುಬಂತು. ಪೈರೆತ್ರಾಯಿಡಿಗೆ ಜಗ್ಗದ ಮನೆನೊಣಗಳಲ್ಲಿ ಬದಲಾಗಿರುವುದೂ ಅದೇ ತೂಬು. ಸಿದ್ದಿಕಿಯವರು ಮುಂದೆ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿ ಬೆಳೆಸಿದರು.

ಬಿರುಕಿನ ಆಚೆ ದಡದ ಬೀಗವನ್ನು ಹಿಡಿಯುವುದು ತಂಬಾಕಿನ ನಿಕೋಟಿನ್. ತಂಬಾಕಿನ ಕಷಾಯವು ಗಿಡಮೂಲಿಕೆಯಾದುದರಿಂದ ನಿರಪಾಯವೆಂದು ನಂಬುವವರು ಇನ್ನೂ ಇದ್ದಾರೆ. ನಿಕೋಟಿನ್ನು ಹುಳುವಿಗಿಂತ ನಮ್ಮ ಬೀಗಕ್ಕೇ ಚೆನ್ನಾಗಿ ಹೊಂದುವ ಕೀಲಿ. 1991ರಿಂದ ಪೇಟೆಗೆ ಬಂದ ಇಮಿಡಾಕ್ಲೋಪ್ರಿಡ್ ಮತ್ತು ಅದರ ದಾಯಾದಿಗಳು ಇದಕ್ಕೆ ವಿಪರೀತವಾಗಿ ಕೀಟದ ಬೀಗಕ್ಕೇ ಹೆಚ್ಚು ಹೊಂದತಕ್ಕವು. ಆದರೆ ಜೇನುಹುಳುವೂ ಕೀಟವೇ ಅಲ್ಲವೆ? ಯೂರೋಪಿನ ಒಕ್ಕೂಟವು 2018ರಲ್ಲಿ ಇವುಗಳಲ್ಲಿ ಮೂರನ್ನು ಬಯಲಿನಲ್ಲಿ ಬಳಸಕೂಡದೆಂದು ವಿಧಿಸಿತು. ಕಾಂಡಕೊರಕಕ್ಕೆ ನಮ್ಮವರು ಎರಚುವ ಕಾರ್ಟಾಪ್ ಹರಳು ಕೂಡ ಇದೇ ಬೀಗದ ವಿಷ. ಸತ್ತ ಕಡಲಹುಳುವಿನ ಮೇಲೆ ಕುಳಿತ ನೊಣಗಳು ಸಾಯುವುದನ್ನು ಕಂಡು ಜಪಾನಿನವರು ಅದರ ಮೂಲವಿಷವನ್ನು ಹುಡುಕಿದರು. ಜಿಗಿಹುಳುವಿಗೆ ಈಚೆಗೆ ಹೊಡೆಯುವ ಪೈಮೆಟ್ರೊಜಿನ್ ಎಂಬುದರ ಕ್ರಮ ಇನ್ನೂ ವಿಚಿತ್ರ. ಅದು ಕೀಟದ ಕೀಲುಗಳಲ್ಲಿರುವ, ಮೈಯ ಎಳೆತವನ್ನು ಅರಿಯುವ ನರಕೋಶಗಳನ್ನು ಕೆಡಿಸುವುದು; ಹುಳು ಕೂಡಲೇ ಸಾಯದೆ ರಸ ಹೀರುವುದನ್ನು ಬಿಟ್ಟು ಹಸಿದು ಸಾಯುವುದು. ಮರುದಿನ ಗದ್ದೆಗೆ ಹೋಗಿ ಹುಳು ಇನ್ನೂ ಜೀವದಿಂದಿರುವುದನ್ನು ಕಂಡು ಮತ್ತೊಂದು ಎಣ್ಣೆ ಹೊಡೆಯುವವರು ಹಣವನ್ನು ನೀರಿಗೆ ಹಾಕುವರು.

ಗಾಬಾದ ತೂಬನ್ನು ಮುಚ್ಚುವುದು ಎಂಡೊಸಲ್ಫಾನ್ ಮತ್ತು ಫಿಪ್ರೊನಿಲ್. ಬಂಡಿಯ ಗಾಲಿಗಟ್ಟೆಯನ್ನು ಕಿತ್ತುಹಾಕಿದಂತೆ ಇದು. ಮಿದುಳು ತಡೆಯಿಲ್ಲದೆ ಉದ್ರೇಕಗೊಂಡು ಸೆಳವು ಬರುವುದು. ಫಿಪ್ರೊನಿಲ್ಲು ಕೀಟದ ತೂಬನ್ನು ಹೆಚ್ಚು ಹಿಡಿಯುವುದು. ಎಂಡೊಸಲ್ಫಾನಿಗೆ ಆ ವಿವೇಚನೆ ಕಡಮೆ. ಕಾಸರಗೋಡು ಜಿಲ್ಲೆಯ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. ತೋಟಗಳ ಕೆಳಗಣ ಎಣ್ಮಕಜೆಯ ಪಡ್ರೆ ಮೊದಲಾದ ಕನ್ನಡ ಮಾತಿನ ಊರುಗಳಲ್ಲಿ ಮಕ್ಕಳ ಅಪಸ್ಮಾರವೂ ಬುದ್ಧಿಯ ಕುಂದೂ ಅಸಾಧಾರಣವಾಗಿ ಹೆಚ್ಚಿರುವುದನ್ನು ಅಲ್ಲಿನ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರರೂ ಪತ್ರಕರ್ತರಾದ ಶ್ರೀ ಪಡ್ರೆಯವರೂ ಲೋಕದ ಗಮನಕ್ಕೆ ತಂದರು. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಾದ್ಯಂತ ಇದನ್ನು ತಡೆಯಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆಮಾಡಿತು.

ಇನ್ನು ಉಳಿದದ್ದು ಕೋಲಿನೆಸ್ಟರೇಸನ್ನೇ, ಅಂದರೆ ನೀರುಗಂಟಿಯನ್ನೇ, ಕಟ್ಟಿಹಾಕುವ ವಿಷಗಳು. ಮೊನೊಕ್ರೋಟೊಫಾಸ್, ಕ್ಲೋರ್‌ಪೈರಿಫಾಸ್, ಅಸಿಫೇಟ್, ಫೋರೇಟ್ ಮೊದಲಾದ ರಂಜಕದ ವರ್ಗವೂ, ಕಾರ್ಬೊಫ್ಯುರಾನ್ ಮೊದಲಾದ ಕಾರ್ಬಮೇಟ್ ವರ್ಗವೂ ಇಲ್ಲಿಗೆ ಸೇರಿದವು. ಕಾರ್ಬಮೇಟು ಕಟ್ಟಿದ ಗಂಟು ಕೆಲವು ಗಂಟೆಗಳಲ್ಲಿ ತಾನಾಗಿ ಬಿಚ್ಚುವುದು. ರಂಜಕದ ವರ್ಗವು ಕಟ್ಟಿದ ಗಂಟು ಕಾಲ ಕಳೆದಂತೆ ಬಿಗಿಯಾಗಿ, ಕೊನೆಗೆ ಬಿಚ್ಚಲಾಗದಂತೆ ಆಗುವುದು; ಅನಂತರ ದೇಹವು ಹೊಸ ಕಿಣ್ವವನ್ನೇ ತಯಾರಿಸಿಕೊಳ್ಳಬೇಕು. ಕೇರಳದಲ್ಲಿ 1958ರಲ್ಲಿ ಇದೇ ವರ್ಗದ ಪಾರಾಥಿಯಾನ್ ಹಡಗಿನಲ್ಲಿ ಗೋದಿಹಿಟ್ಟಿನ ಮೂಟೆಗಳಿಗೆ ಸೋರಿ ನೂರಕ್ಕೂ ಹೆಚ್ಚು ಮಂದಿ ಸತ್ತರು; 1968ರ ಕೀಟನಾಶಕ ಕಾನೂನು ಹುಟ್ಟಲು ಆ ಅನಾಹುತವೂ ಕಾರಣ. 2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಎಣ್ಣೆ ಹೊಡೆದವರಲ್ಲಿ ನೂರಾರು ಮಂದಿ ಆಸ್ಪತ್ರೆ ಸೇರಿದರು, ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಫೋರೇಟು 2020ರ ಕೊನೆಯಿಂದ ನಿಷಿದ್ಧ. ಮೊನೊಕ್ರೋಟೊಫಾಸಿನ ಶೇಕಡ 36ರ ದ್ರಾವಣವನ್ನು ತಯಾರಿಸುವುದನ್ನು 2023ರ ಆಜ್ಞೆಯು ನಿಲ್ಲಿಸಿತು. ಮನೆಯ ಅಟ್ಟದಲ್ಲಿ ಹಳೆಯ ಡಬ್ಬಿಗಳಿದ್ದರೆ ಅವನ್ನು ಇನ್ನು ಹೊರತೆಗೆಯಬಾರದು.

ಪ್ರಸಂಗವಶಾತ್ ಒಂದು ಮಾತು. ಗದ್ದೆಯ ಜೇಡಕ್ಕೂ, ಜಿಗಿಹುಳುವಿನ ಮೊಟ್ಟೆಯನ್ನು ಹೀರುವ ಹಸುರು ತಿಗಣೆಗೂ ನರಗಳುಂಟು. ಪೈರೆತ್ರಾಯಿಡನ್ನು ಹೊಡೆದ ಗದ್ದೆಯಲ್ಲಿ ಇವು ಸತ್ತು, ಎರಡು ಮೂರು ವಾರಗಳೊಳಗೆ ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಏಳುವುದು ಏಷ್ಯದ ನೆಲ್ಲಿನ ದೇಶಗಳಲ್ಲೆಲ್ಲ ಕಂಡ ಸಂಗತಿ. ಇಮಿಡಾಕ್ಲೋಪ್ರಿಡನ್ನು ಜೀರ್ಣಿಸಿಕೊಳ್ಳುವ ಜಿ​ಗಿಹುಳುಗಳೂ 2000ದ ದಶಕದಿಂದ ಹುಟ್ಟಿಕೊಂಡಿವೆ. ಎರಡು ಮೂರು ಎಣ್ಣೆಗಳನ್ನು ಒಂದೇ ಪಂಪಿನಲ್ಲಿ ಬೆರಸಿ ಹೊಡೆಯುವ ಚಾಳಿಯು ಈ ಸೀಮೆಯಲ್ಲಿ ಬೆಳೆದಿರುವುದು ಇದಕ್ಕೆ ಪರಿಹಾರವಲ್ಲ.

ಮನುಷ್ಯನಲ್ಲಿ, ಎತ್ತಿನಲ್ಲಿ

ನೀರುಗಂಟಿಯಿಲ್ಲದ ಬಿರುಕಿನಲ್ಲಿ ಅಸಿಟೈಲ್‌ಕೋಲೀನು ತುಂಬಿಕೊಂಡಾಗ ಕಾಣುವ ಲಕ್ಷಣಗಳು ಮೇಲೆ ಹೇಳಿದ ರಚನೆಯಿಂದಲೇ ತಿಳಿಯಬರುವುವು. ಗ್ರಂಥಿಗಳಿಗೆ ಬಿಡುವಿಲ್ಲದ ಅಪ್ಪಣೆ: ಬೆವರು, ಜೊಲ್ಲು, ಕಣ್ಣೀರು. ಹೊಟ್ಟೆಯಲ್ಲಿ ಹಿಂಡಿದ ನೋವು, ವಾಂತಿ, ಭೇದಿ. ಕಣ್ಣಿನ ಪಾಪೆಯು ಸೂಜಿಮೊನೆಯಷ್ಟಾಗಿ ದೃಷ್ಟಿ ಮಸುಕಾಗುವುದು. ಎದೆಯಲ್ಲಿ ಕಫ ತುಂಬಿ ಬಿಗಿಯುವುದು. ಅನಂತರ ರೆಪ್ಪೆ, ತೊಡೆ, ತೋಳುಗಳ ಮಾಂಸ ಅದುರಲಾರಂಭಿಸಿ, ಕೊನೆಗೆ ದಣಿದು ಸೋಲುವುದು. ಉಸಿರೆಳೆಯುವ ಮಾಂಸಖಂಡಗಳು ಸೋತಾಗಲೇ ಪ್ರಾಣಹಾನಿ.

ಬೇಸಿಗೆ ಬೆಳೆಯ ಕಾಲದಲ್ಲಿ ಇದನ್ನು ಬಿಸಿಲು ಹೊಡೆದದ್ದೆಂದು ತಿಳಿದು ಮಜ್ಜಿಗೆ ಕುಡಿಸಿ ಮಲಗಿಸುವುದನ್ನು ನಾನು ನೋಡಿದ್ದೇನೆ. ಪಾಪೆಯನ್ನು ನೋಡಿದರೆ ಸಂಶಯವು ಬಹುಮಟ್ಟಿಗೆ ನಿವಾರಣೆಯಾಗುವುದು. ಬಿಸಿಲಿನ ಬೇನೆಯಲ್ಲಿ ಅದು ಹೀಗೆ ಕುಗ್ಗದು. ಜೊಲ್ಲು ಸುರಿಯುವುದೂ ಅದರಲ್ಲಿಲ್ಲ.

ಇದಕ್ಕಿಂತ ಗೂಢವಾದುದು ದಿನಗೂಲಿಯವನ ಅವಸ್ಥೆ. ಒಡೆಯನು ತನ್ನ ಗದ್ದೆಗೆ ಒಂದು ಬೆಳೆಯಲ್ಲಿ ಕೆಲವು ಸಲ ಹೊಡೆಸುವನು. ಕೂಲಿಯವನು ಇಂದು ಒಬ್ಬರ ಗದ್ದೆ, ನಾಳೆ ಮತ್ತೊಬ್ಬರ ಗದ್ದೆ ಎಂದು ವಾರಗಟ್ಟಲೆ ಪ್ರತಿನಿತ್ಯವೂ ಹೊಡೆಯುವನು. ಒಂದು ದಿನದ ಸೋಂಕಿನಿಂದ ಕಿಣ್ವವು ಸ್ವಲ್ಪವೇ ಕಡಮೆಯಾದರೆ ಏನೂ ತೋರದು. ಆದರೆ ರಕ್ತದ ಕೆಂಪುಕಣಗಳಲ್ಲಿ ಕಳೆದುಹೋದ ಕಿಣ್ವವು ದಿನಕ್ಕೆ ನೂರಕ್ಕೆ ಒಂದರ ಪ್ರಮಾಣದಲ್ಲಿ ಮಾತ್ರ ಮರಳಿ ಬರುವುದು. ಕಣಜದಿಂದ ದಿನವೂ ಚೀಲ ತೆಗೆದು ಸೇರು ಹಾಕುತ್ತ ಬಂದರೆ ಒಂದು ದಿನ ಕೈಗೆ ತಳ ಸಿಕ್ಕುವುದು. ನಿನ್ನೆಯವರೆಗೂ ಏನೂ ಆಗದಿದ್ದವನು ಅಷ್ಟೇ ಎಣ್ಣೆಗೆ ಇಂದು ಉರುಳುವುದು ಇದರಿಂದಲೇ. "ನನಗ ರೂಢಿ ಆಗೇತ್ರಿ" ಎನ್ನುವ ಆಳಿನ ದೇಹದಲ್ಲಿ ರೂಢಿಯಾದುದು ಏನೂ ಇಲ್ಲ. ಉಳಿದ ಕಿಣ್ವ ಕಡಮೆಯಾಗಿದೆ, ಅಷ್ಟೇ. ಇದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು. ಹೊಡೆಯುವ ಕೂಲಿಯನ್ನು ಒಬ್ಬನಿಗೇ ಬಿಡದೆ ಸರದಿಯಿಂದ ಹಂಚಬೇಕೆಂದು ನಾನು ಕ್ಯಾಂಪುಗಳ ಯಜಮಾನರಿಗೆ ಹೇಳುತ್ತ ಬಂದಿದ್ದೇನೆ. ಕೆಲವರು ಮನಸ್ಸಿಗೆ ತಂದುಕೊಂಡಿರುವರು.

ವಿಷವು ಬಾಯಿಂದಲೇ ಹೋಗಬೇಕೆಂಬ ನಿಯಮವಿಲ್ಲ. ಈ ಕೆಲಸದಲ್ಲಿ ಅದು ಚರ್ಮದಿಂದಲೇ ಹೆಚ್ಚಾಗಿ ಹೋಗುವುದು. ಚರ್ಮವೂ ಎಲ್ಲೆಡೆ ಒಂದೇ ಸಮನಲ್ಲ. ಮುಂಗೈಗಿಂತ ತಲೆ, ಕಂಕುಳು, ಅದಕ್ಕಿಂತಲೂ ತೊಡೆಸಂದಿಗಳು ಹಲವು ಪಾಲು ಹೆಚ್ಚಾಗಿ ಹೀರುವುವು. ಸೋರುವ ಪಂಪು ಸುರಿಸುವುದು ಬೆನ್ನಿಗೆ. ಅಲ್ಲಿಂದ ಇಳಿಯುವುದು ಸೊಂಟಕ್ಕೆ, ತೊಡೆಸಂದಿಗೆ. ಆದಕಾರಣ ಕೈಗವಸಿಗಿಂತ ಮೊದಲು ಪಂಪಿನ ವಾಷರನ್ನು ನೋಡಬೇಕು. ಒದ್ದೆಯಾದ ಅಂಗಿ ಚಲ್ಲಣಗಳನ್ನು ಸಂಜೆಯವರೆಗೂ ತೊಟ್ಟಿರುವುದು ಪಟ್ಟಿ ಹಾಕಿ ವಿಷ ಕಟ್ಟಿದಂತೆ. ಗಾಳಿಗೆ ಎದುರಾಗಿ ನಡೆಯಬಾರದು. ನಳಿಗೆ ಕಟ್ಟಿದರೆ ಬಾಯಿಂದ ಊದಬಾರದು. ಸೋಪು ಹಚ್ಚಿ ತೊಳೆಯದ ಕೈಯಿಂದ ಎಲೆಅಡಿಕೆ, ಬೀಡಿ, ರೊಟ್ಟಿಯನ್ನು ಮುಟ್ಟಬಾರದು.

ದನಗಳಿಗೂ ಇದೇ ನರ, ಇದೇ ಲಕ್ಷಣ. ಹೊಡೆದ ಗದ್ದೆಯ ಬದುವಿನ ಹುಲ್ಲನ್ನು ಕೊಯ್ದು ಹಾಕಿದ ರಾತ್ರಿ ಎತ್ತು ಜೊಲ್ಲು ಸುರಿಸಿ, ಸೆಗಣಿ ನೀರಾಗಿ, ಮೈ ನಡುಗಿಸಿ, ಕಾಲು ಮಡಚಿದರೆ ದೃಷ್ಟಿ ತೆಗೆಯುತ್ತ ಕುಳಿತುಕೊಳ್ಳದೆ ಪಶುವೈದ್ಯರನ್ನು ಕರೆಯಿಸಬೇಕು. ಎಣ್ಣೆಯ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ದನಗಳಿಗೆ ಹಿಂಡಿ ನೆನೆಯಿಡಲು ಉಪಯೋಗಿಸಕೂಡದು.

ವಿಷ ತಾಗಿದವನನ್ನು ಗದ್ದೆಯಿಂದ ಹೊರಗೆ ತಂದು, ಬಟ್ಟೆಗಳನ್ನೆಲ್ಲ ತೆಗೆದು, ಸೋಪು ನೀರುಗಳಿಂದ ಮೈ, ತಲೆಗೂದಲು, ಉಗುರಿನ ಸಂದುಗಳನ್ನು ತೊಳೆಯಬೇಕು. ತೊಳೆಯುವವನು ತನ್ನ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಬೇಕು. ಎಡಮಗ್ಗುಲಾಗಿ ಮಲಗಿಸಿ ಬಾಯಿಯ ಜೊಲ್ಲನ್ನು ಒರೆಸುತ್ತಿರಬೇಕು. ವಾಂತಿ ಮಾಡಿಸಬಾರದು. ಹಾಲು, ತುಪ್ಪ, ಎಣ್ಣೆ, ಹುಣಿಸೆನೀರುಗಳನ್ನು ಕುಡಿಸಬಾರದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೊಡುವ ಅಟ್ರೊಪಿನ್ ಎಂಬುದು ಬೀಗದ ಬಾಯಿಗೆ ಅಡ್ಡವಾಗಿ ಕುಳಿತು ಗ್ರಂಥಿಗಳನ್ನೂ ಹೃದಯವನ್ನೂ ಕಾಪಾಡುವುದು; ಮಾಂಸಖಂಡದ ಬೀಗ ಬೇರೆ ತೆರನಾದುದರಿಂದ ಅದನ್ನು ಕಾಪಾಡಲಾರದು. ಕಟ್ಟಿದ ಕಿಣ್ವವನ್ನು ಬಿಚ್ಚಲು ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಮದ್ದು ಉಂಟು. ಗಂಟು ಬಿಗಿಯುವ ಮೊದಲೇ ಅದು ಸೇರಬೇಕಾದುದರಿಂದ ಒಂದೊಂದು ಗಂಟೆಗೂ ಬೆಲೆಯುಂಟು. ದತ್ತೂರಿಯಲ್ಲಿಯೂ ಅಟ್ರೊಪಿನ್ನಿನ ಅಂಶವಿರುವುದೆಂದು ಕೇಳಿ ಅದರ ಬೀಜವನ್ನು ಅರೆದು ಕುಡಿಸುವುದು ಒಂದು ವಿಷದ ಮೇಲೆ ಮತ್ತೊಂದನ್ನು ಹಾಕಿದಂತೆಯೇ ಸರಿ.

ವೈದ್ಯರು ಮೊದಲು ಕೇಳುವುದು ಯಾವ ಎಣ್ಣೆಯೆಂದು. "ಕೆಂಪು ಡಬ್ಬಿದು" ಎಂಬ ಉತ್ತರದಿಂದ ಅವರಿಗೆ ಏನೂ ತಿಳಿಯದು, ಯಾತಕ್ಕೆಂದರೆ ನೀರುಗಂಟಿಯನ್ನು ಕಟ್ಟುವ ವಿಷಕ್ಕೆ ಕೊಡುವ ಮದ್ದು ಗಾಬಾದ ತೂಬನ್ನು ಮುಚ್ಚುವ ವಿಷಕ್ಕೆ ಪ್ರಯೋಜನಕ್ಕೆ ಬಾರದು. ಡಬ್ಬಿಯನ್ನೇ ಜೊತೆಗೆ ಒಯ್ಯಬೇಕು. ಅದರ ಮೇಲಣ ಚೌಕದ ಬಣ್ಣವು ವಿಷದ ತೀಕ್ಷ್ಣತೆಯನ್ನು ಹೇಳುವುದು: ಕೆಂಪು ಎಲ್ಲಕ್ಕಿಂತ ಘೋರ, ಅನಂತರ ಹಳದಿ, ಅನಂತರ ನೀಲಿ, ಹಸುರು ಎಲ್ಲಕ್ಕಿಂತ ಸೌಮ್ಯ. ಪ್ರತಿಯೊಂದು ಡಬ್ಬಿಯೊಡನೆಯೂ ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷಗಳನ್ನು ಮುದ್ರಿಸಿದ ಮಡಿಕೆಯ ಕಾಗದವೊಂದು ಇರಬೇಕೆಂದು ಕಾನೂನಿದೆ. ಅಂಗಡಿಯವರು ಅದನ್ನು ಕೊಡಲು ಮರೆತರೆ ಕೇಳಿ ಪಡೆದು, ಎಣ್ಣೆ ಹೊಡೆಯುವ ದಿನ ಗದ್ದೆಗೆ ತೆಗೆದುಕೊಂಡು ಹೋಗತಕ್ಕದ್ದು.